ತಲೆಗೆ ಪೆಟ್ಟು: ಜೀವ ಉಳಿದ ಮೇಲೆ ಆರಂಭವಾಗುವ ಚಿಕಿತ್ಸೆ

ರಾಯಚೂರು: ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದರೆ ಗಂಡಾಂತರ ಕಳೆಯಿತೆಂದೇ ಕುಟುಂಬದವರು ನಿಟ್ಟುಸಿರು ಬಿಡುತ್ತಾರೆ. ಕೆಲವು ವಾರಗಳ ನಂತರ ಬೇರೆಯೇ ಸಮಸ್ಯೆ ತಲೆದೋರುತ್ತದೆ. ನಿನ್ನೆ ಆಡಿದ ಮಾತು ನೆನಪಿರುವುದಿಲ್ಲ. ಸಣ್ಣ ವಿಷಯಕ್ಕೂ ಸಿಟ್ಟು. ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕೈಕಾಲು ನೆಟ್ಟಗಿರುವುದರಿಂದ ಇದನ್ನು ಸೋಮಾರಿತನವೆಂದೋ, ಗಾಳಿ ಸೋಕಿದೆಯೆಂದೋ ಹೇಳುವವರೇ ಹೆಚ್ಚು. ವಾಸ್ತವವಾಗಿ ಇದೂ ಅದೇ ಗಾಯದ ಪರಿಣಾಮ. ಇದಕ್ಕೂ ಚಿಕಿತ್ಸೆ ಉಂಟು.

ದೇವದುರ್ಗ ಮತ್ತು ಮಾನ್ವಿ, ಎರಡೂ ಜಿಲ್ಲಾ ಕೇಂದ್ರದಿಂದ 50 ಕಿ.ಮೀ. ಆಸುಪಾಸಿನಲ್ಲಿವೆ. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ದಿನಗಳಲ್ಲಿ ಟಂಟಂ, ಟ್ರ್ಯಾಕ್ಟರ್‌ಗಳಲ್ಲಿ ಕೂಲಿಕಾರರು ಕಿಕ್ಕಿರಿದು ಸಾಗುವುದು ಇಲ್ಲಿನ ರಸ್ತೆಗಳಲ್ಲಿ ಸಾಮಾನ್ಯ ದೃಶ್ಯ. ಹೆಲ್ಮೆಟ್ ಇಲ್ಲದ ಬೈಕ್ ಸವಾರರ ಮಾತು ಬೇರೆ ಹೇಳಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ರಾಯಚೂರಿನಿಂದ 400 ಕಿ.ಮೀ.ಗೂ ಹೆಚ್ಚು ದೂರ. ಗಾಯಾಳುವಿನ ಹಣೆಬರಹವನ್ನು ಬಹುಮಟ್ಟಿಗೆ ಈ ದೂರವೇ ನಿರ್ಧರಿಸುತ್ತದೆ.

ಮೊದಲ ಗಂಟೆಗಳು

ಪೆಟ್ಟು ಬಿದ್ದ ಕ್ಷಣದಲ್ಲಿ ಆದ ಹಾನಿಯನ್ನು ಯಾರೂ ಹಿಂದಕ್ಕೆ ತರಲಾರರು. ಆ ಬಳಿಕ ರಕ್ತಸ್ರಾವ, ಬಾವು, ಆಮ್ಲಜನಕದ ಕೊರತೆ ಮತ್ತು ರಕ್ತದೊತ್ತಡದ ಕುಸಿತದಿಂದ ಆಗುವ ಎರಡನೇ ಹಂತದ ಹಾನಿಯನ್ನು ಮಾತ್ರ ತಡೆಯಬಹುದು. ಇಂದಿನ ತುರ್ತು ಚಿಕಿತ್ಸೆಯೆಲ್ಲ ಈ ತತ್ವದ ಮೇಲೆ ನಿಂತಿದೆ. ಗಾಯದ ತೀವ್ರತೆಯನ್ನು ಅಳೆಯಲು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪಕವೇ ಇಂದಿಗೂ ಬಳಕೆಯಲ್ಲಿದೆ. ಕಣ್ಣು ತೆರೆಯುವಿಕೆ, ಮಾತು ಮತ್ತು ಚಲನೆಗೆ 3ರಿಂದ 15ರವರೆಗೆ ಅಂಕ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಾಯ ತೀವ್ರ.

ಪೆಟ್ಟು ತಿಂದವರು ಎದ್ದು ಮಾತನಾಡಿದರೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ತಲೆಬುರುಡೆ ಮತ್ತು ಮಿದುಳಿನ ಹೊರಪೊರೆಯ ನಡುವೆ ರಕ್ತ ಶೇಖರವಾದಾಗ ಗಾಯಾಳು ಕೆಲಹೊತ್ತು ಚೆನ್ನಾಗಿಯೇ ಇದ್ದು ದಿಢೀರನೆ ಪ್ರಜ್ಞೆ ತಪ್ಪಬಹುದು. ಪದೇಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ವೃದ್ಧರಲ್ಲಿ ಈ ಲಕ್ಷಣಗಳು ಕೆಲವು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು.

ಸಂಶೋಧನೆ ಹೇಳಿದ್ದೇನು?

ಮಿದುಳಿನ ಬಾವು ಇಳಿಸಲು ಸ್ಟೀರಾಯ್ಡ್ ಕೊಡುವ ಪದ್ಧತಿ ದಶಕಗಳ ಕಾಲ ವ್ಯಾಪಕವಾಗಿತ್ತು. 10,008 ಗಾಯಾಳುಗಳನ್ನು ಒಳಗೊಂಡ 'ಕ್ರ್ಯಾಶ್' ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು: ಸ್ಟೀರಾಯ್ಡ್ ಪಡೆದವರಲ್ಲಿ ಎರಡು ವಾರಗಳೊಳಗೆ ಶೇ 21.1ರಷ್ಟು, ಪಡೆಯದವರಲ್ಲಿ ಶೇ 17.9ರಷ್ಟು ಮಂದಿ ಸಾವನ್ನಪ್ಪಿದ್ದರು. ಅಪಾರ ನಿರೀಕ್ಷೆ ಹುಟ್ಟಿಸಿದ್ದ ಪ್ರೊಜೆಸ್ಟರಾನ್ ಕೂಡ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ವಿಫಲವಾಯಿತು.

ಅಲ್ಪ ಭರವಸೆ ಬಂದದ್ದು ದುಬಾರಿ ಔಷಧದಿಂದಲ್ಲ. ಹೆರಿಗೆಯ ರಕ್ತಸ್ರಾವ ತಡೆಯಲು ಬಳಸುವ ಅಗ್ಗದ ಟ್ರಾನೆಕ್ಸಾಮಿಕ್ ಆಮ್ಲವನ್ನು 12,737 ಮಂದಿಯ ಮೇಲೆ ಪರೀಕ್ಷಿಸಿದ 'ಕ್ರ್ಯಾಶ್-3' ವರದಿ 2019ರಲ್ಲಿ ಹೊರಬಂತು. ಮೂರು ಗಂಟೆಯೊಳಗೆ ಕೊಟ್ಟರೆ ಸೌಮ್ಯ ಮತ್ತು ಮಧ್ಯಮ ಗಾಯದವರಲ್ಲಿ ಸಾವು ಕಡಿಮೆ. ತೀವ್ರ ಗಾಯದವರಲ್ಲಿ ಪ್ರಯೋಜನ ಕಾಣಲಿಲ್ಲ. ಅಲ್ಲಿಯೂ ಲೆಕ್ಕಕ್ಕೆ ಬಂದದ್ದು ಸಮಯವೇ.

ಒತ್ತಡ ಇಳಿಸಲು ತಲೆಬುರುಡೆಯ ಒಂದು ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ 2016ರ ಅಧ್ಯಯನವೊಂದು ನೀಡಿದ ಅಂಕಿಗಳು ಕುಟುಂಬದವರಿಗೂ ತಿಳಿದಿರಬೇಕು. ಆರು ತಿಂಗಳಲ್ಲಿ ಸಾವಿನ ಪ್ರಮಾಣ ಶೇ 48.9ರಿಂದ 26.9ಕ್ಕೆ ಇಳಿಯಿತು. ಆದರೆ ಅರಿವಿಲ್ಲದ ಜೀವಚ್ಛವ ಸ್ಥಿತಿಯಲ್ಲಿ ಉಳಿದವರ ಪ್ರಮಾಣ ಶೇ 2.1ರಿಂದ 8.5ಕ್ಕೆ ಏರಿತು. ಸಹಿ ಹಾಕುವ ಮುನ್ನ ವೈದ್ಯರನ್ನು ಈ ಬಗ್ಗೆ ಕೇಳಿ ತಿಳಿಯುವುದು ಕುಟುಂಬದವರ ಹಕ್ಕು.

ಕಾಳು ಬೇರ್ಪಡಿಸುವ ಚಿಕಿತ್ಸೆ

ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿರುತ್ತದೆ. ನಂತರವೂ ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿಯ ಹೆಸರು ಜನ ಕೇಳಿದ್ದಾರೆ. ಗಮನ ಮತ್ತು ನೆನಪಿಗೂ ತರಬೇತಿ ಇದೆಯೆಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ. ನಿಮ್ಹಾನ್ಸ್‌ನಲ್ಲಿ ಡಾ. ಶೋಭಿನಿ ಎಲ್. ರಾವ್ ಮತ್ತು ಸಹೋದ್ಯೋಗಿಗಳು 1990ರ ದಶಕದಿಂದ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ಅದರ ಅಭ್ಯಾಸಗಳು ಬಹು ಸರಳ. ಬೆರೆಸಿದ ಕಾಳುಗಳನ್ನು ಬೇರ್ಪಡಿಸುವುದು, ಅಕ್ಷರಗಳ ಸಾಲಿನಲ್ಲಿ ಗೊತ್ತುಪಡಿಸಿದ ಅಕ್ಷರವನ್ನು ಹುಡುಕಿ ಗೆರೆ ಎಳೆಯುವುದು; ತೆಗೆದುಕೊಂಡ ಸಮಯ, ಮಾಡಿದ ತಪ್ಪುಗಳನ್ನು ಬರೆದಿಟ್ಟು ದಿನೇದಿನೇ ಕಷ್ಟದ ಮಟ್ಟ ಹೆಚ್ಚಿಸುವುದು. ತೊಗರಿ, ಕಡಲೆ, ಹೆಸರು ಇಲ್ಲದ ಮನೆ ಮಾನ್ವಿ ಸೀಮೆಯಲ್ಲಿ ಎಲ್ಲಿದೆ? ಕ್ರಮ ಹಾಕಿಕೊಡಲು ತಜ್ಞರೊಬ್ಬರು ಬೇಕು. ಮುಂದಿನದನ್ನು ಮನೆಯವರೇ ನಡೆಸಬಲ್ಲರು. ಫಿಟ್ಸ್ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಖಿನ್ನತೆ ಅಥವಾ ಆರೈಕೆ ಮಾಡುವವರ ಬಳಲಿಕೆಗೆ ಸಂಬಂಧಿಸಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನೆರವು ಎಷ್ಟು ದಿನಕ್ಕೆ?

ರಾಜ್ಯ ಸರ್ಕಾರ 2016ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಸಾಂತ್ವನ-ಹರೀಶ್ ಯೋಜನೆ ಮೊದಲ 48 ಗಂಟೆಗಳಿಗೆ ರೂ. 25,000ರವರೆಗಿನ ಚಿಕಿತ್ಸೆಯನ್ನು ಭರಿಸುವಂತೆ ರೂಪಿತವಾಗಿತ್ತು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ನಗದುರಹಿತ ಯೋಜನೆ ಏಳು ದಿನಗಳವರೆಗೆ, ರೂ. 1.5 ಲಕ್ಷದ ಮಿತಿಯದು. ಎರಡೂ ಸ್ವಾಗತಾರ್ಹವೇ. ಆದರೆ ಎಂಟನೇ ದಿನದಿಂದ ಆರಂಭವಾಗುವ ಪುನಶ್ಚೇತನಕ್ಕೆ ಇವುಗಳಲ್ಲಿ ಜಾಗವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಮಿದುಳಿನ ಗಾಯ ಪ್ರತ್ಯೇಕವಾಗಿ ಇಲ್ಲ. ಚಲನೆ, ಮಾತು ಮತ್ತು ಭಾಷೆ ಅಥವಾ ಮಾನಸಿಕ ಅಸ್ವಸ್ಥತೆಯ ಅಡಿಯಲ್ಲಿ ಪ್ರಮಾಣಪತ್ರ ಕೇಳಬೇಕಾಗುತ್ತದೆ. ನೆನಪು ಕುಂದಿ ಕೂಲಿ ಕಳೆದುಕೊಂಡವರ ನಷ್ಟ ಈ ಅಳತೆಗೆ ಸುಲಭವಾಗಿ ಸಿಗದು.

ರಾಯಚೂರಿಗೆ ಏಮ್ಸ್ ಬೇಕೆಂಬ ಧರಣಿ 2022ರ ಮೇ ತಿಂಗಳಲ್ಲಿ ಆರಂಭವಾಗಿ ಸಾವಿರ ದಿನಗಳನ್ನು ದಾಟಿತು. ಅಷ್ಟು ದೊಡ್ಡ ಆಸ್ಪತ್ರೆ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ: ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಫಿಸಿಯೋಥೆರಪಿ ತಜ್ಞರು ಮತ್ತು ಮನಃಶಾಸ್ತ್ರಜ್ಞರು ಕುಳಿತರೆ, ಮರುಭೇಟಿಗೆಂದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಡುವ ಅನೇಕರ ಪ್ರಯಾಣ ತಪ್ಪುತ್ತದೆ.