ಹಗೇವಿನಿಂದ ಮೀಸಲು ನಿಧಿಗೆ

ಧಾರವಾಡ ಮತ್ತು ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ರೈತ ಕುಟುಂಬದ ಆಪದ್ಧನವು ಬಹುಕಾಲ ಹಣದ ರೂಪದಲ್ಲಿರದೆ ಜೋಳದ ರೂಪದಲ್ಲಿತ್ತು. ಆ ಜೋಳವನ್ನು ಕಾಯುತ್ತಿದ್ದುದು ಹಗೇವು, ಅಂದರೆ ಬಾಯಿ ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ನೆಲದಲ್ಲಿ ತೋಡಿ, ಒಳಮೈಗೆ ಒಣಹುಲ್ಲು ಹೊದಿಸಿ, ಕಾಳು ತುಂಬಿದ ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದ ನೆಲಗಣಜ. ಗಾಳಿಯಾಡದ ಆ ಒಡಲಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆರೆದೊಡನೆ ಇಳಿದವರಿಗೆ ಉಸಿರು ಕಟ್ಟುವ ಅಪಾಯವಿದ್ದುದರಿಂದ ಬಾಯಿಯನ್ನು ಕೆಲಹೊತ್ತು ತೆರೆದಿಟ್ಟ ಮೇಲೆಯೇ ಒಳಗಿಳಿಯುತ್ತಿದ್ದರು.

ಹಗೇವು ತುಂಬಬೇಕಾದರೆ ಕಣದಲ್ಲಿ ರಾಶಿ ಉಳಿಯಬೇಕು, ಸಾಲಗಾರನ ರಾಶಿಗಾದರೋ ಸಾಹುಕಾರನ ಬಡ್ಡಿಯೂ ಸರ್ಕಾರದ ಕಂದಾಯವೂ ಮೊದಲ ಹಕ್ಕುದಾರರಾಗಿದ್ದವು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಏರಿದ ಹತ್ತಿಯ ಬೆಲೆ ಆ ಯುದ್ಧ 1865ರಲ್ಲಿ ಮುಗಿದ ಬಳಿಕ ಕುಸಿದು, ಬೆಳೆಗಾರರಿಗೆ ಸಾಲ ತೀರಿಸುವ ದಾರಿ ಇನ್ನಷ್ಟು ಕಿರಿದಾಯಿತು. 1876–78ರ ಭೀಕರ ಕ್ಷಾಮ ಬಂದಾಗ ಕೂಡಿಟ್ಟ ಕಾಳಿಲ್ಲದವರಿಗೆ ಮತ್ತೊಂದು ಸಾಲವೇ ಗತಿಯಾಯಿತು. ಸಾಲ ತೀರದೆ ಉಳಿತಾಯವಿಲ್ಲ, ಉಳಿತಾಯವಿಲ್ಲದೆ ಮುಂದಿನ ಬರದಲ್ಲಿ ಸಾಲ ತಪ್ಪದು ಎಂಬ ಈ ಸುಳಿಯೇ ಗ್ರಾಮೀಣ ಋಣದ ನಿಜವಾದ ಮೂಲವಾಗಿದ್ದು, ಸಾಹುಕಾರನ ದುರಾಸೆಯೊಂದನ್ನೇ ಹೊಣೆ ಮಾಡುವ ವಿವರಣೆ ಸಾಲದು.

1884ರ ಕಾಯ್ದೆಯಂತೆ ಸರ್ಕಾರ ಬೀಜ, ಎತ್ತುಗಳಿಗೆ ಕೊಡುತ್ತಿದ್ದ ತಗಾವಿ ಸಾಲ ಆಪತ್ತಿಗೆ ಒದಗಿದರೂ ಹಳ್ಳಿಯಲ್ಲಿ ಯಾವ ಕೂಡಿಕೆಯನ್ನೂ ಬಿಟ್ಟುಹೋಗಲಿಲ್ಲ. ಬೇರೊಂದು ದಾರಿಯನ್ನು ತೋರಿದವರು ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್. 1890ರ ದಶಕದ ತಮ್ಮ ವರದಿಯಲ್ಲಿ ಅವರು ಜರ್ಮನಿಯ ರೈಫೈಸನ್ ಮಾದರಿಯ, ಅಂದರೆ ಸದಸ್ಯರು ಪರಸ್ಪರ ಹೊಣೆಯ ಮೇಲೆ ಸಾಲ ಪಡೆಯುವ, ಗ್ರಾಮ ಸಂಘಗಳನ್ನು ಶಿಫಾರಸು ಮಾಡಿದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಆ ವಿಚಾರಕ್ಕೆ ರೂಪ ಕೊಟ್ಟಿತು, ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಸ್ಥೆ ಹುಟ್ಟಿತು.

ಆ ಕಾಯ್ದೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ, ಆದರೆ ಅತ್ಯಂತ ದೂರದೃಷ್ಟಿಯ ಅಂಶವೆಂದರೆ ಮೀಸಲು ನಿಧಿ. ಸಂಘದ ನಷ್ಟಕ್ಕೆ ಎಲ್ಲ ಸದಸ್ಯರೂ ತಮ್ಮ ಪೂರ್ಣ ಆಸ್ತಿಯಿಂದ ಹೊಣೆಯಾಗುವ 'ಅಪರಿಮಿತ ಹೊಣೆ'ಯ ಗ್ರಾಮೀಣ ಸಂಘಗಳಲ್ಲಿ ಲಾಭವನ್ನು ಆರಂಭದಲ್ಲಿ ಹಂಚುವಂತಿರಲಿಲ್ಲ; ಅದೆಲ್ಲವೂ ಆ ನಿಧಿಗೆ ಸೇರಬೇಕಿತ್ತು. ಹೀಗಾಗಿ ಸಾಲಗಾರ ಕಟ್ಟಿದ ಬಡ್ಡಿಯಲ್ಲಿ ಖರ್ಚು ಕಳೆದು ಉಳಿದದ್ದು ಅವನದೇ ಊರಿನ ಆಪದ್ಧನವಾಗುತ್ತಿತ್ತು, ಸಾಲ ತೀರಿಸುವುದೂ ಕೂಡಿಡುವುದೂ ಒಂದೇ ಕಂತಿನಲ್ಲಿ ನಡೆಯುತ್ತಿದ್ದವು. ಹಗೇವು ಮನೆತನದ ಸ್ವತ್ತಾಗಿದ್ದರೆ ಇದು ಯಾರೊಬ್ಬರೂ ಪಾಲು ಕೇಳಲಾಗದ ಸಮುದಾಯದ ಸ್ವತ್ತಾಗಿತ್ತು.

1912ರ ಹೊಸ ಕಾಯ್ದೆ ನಿವ್ವಳ ಲಾಭದ ಕನಿಷ್ಠ ಕಾಲುಭಾಗವನ್ನು ಮೀಸಲಿಗೆ ಸೇರಿಸಬೇಕೆಂದಿತು. ಆದರೂ 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವೇಳೆಗೆ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟೇ ಇತ್ತು. ಪರಸ್ಪರ ಜಾಮೀನಿನ ಮೇಲೆ ನಿಂತ ಈ ವ್ಯವಸ್ಥೆಯ ಬಾಗಿಲು, ಜಾಮೀನು ನಿಲ್ಲುವವರೇ ಇಲ್ಲದ ಭೂಹೀನ ಕೂಲಿಕಾರರಿಗೂ ಗೇಣಿದಾರರಿಗೂ ಸುಲಭವಾಗಿ ತೆರೆಯಲಿಲ್ಲ; ಬರದ ವರ್ಷದಲ್ಲಿ ಅವರು ಮತ್ತೆ ಸಾಹುಕಾರನಲ್ಲಿಗೇ ಹೋಗಬೇಕಾಯಿತು.