ನೋವು ತಾನಾಗಿ ಬರಲಿ: ಸೂಲಗಿತ್ತಿಯ ಕಾಲದಿಂದ ನಲವತ್ತೊಂದನೇ ವಾರದವರೆಗೆ

ಜೋಯಿಡಾದ ಕುಣಬಿಗಳಲ್ಲಿ, ಹಳಿಯಾಳ–ಮುಂಡಗೋಡದ ಸಿದ್ದಿ, ಗೌಳಿಗರಲ್ಲಿ ಒಂದೆರಡು ತಲೆಮಾರಿನ ಹಿಂದೆ ಬಸುರಿಗೆ ಯಾರೂ ‘ಡೇಟ್’ ಕೊಡುತ್ತಿರಲಿಲ್ಲ. ದಿನ ತುಂಬಿದರೆ ಸೂಲಗಿತ್ತಿಗೆ ಹೇಳಿಕಳಿಸಿ ನೋವು ಬರುವ ತನಕ ಕಾಯುತ್ತಿದ್ದರು. ಈ ವಿದ್ಯೆಗೆ ದೊಡ್ಡ ಗೌರವ ಸಿಕ್ಕಿದ್ದು ತೀರ ತಡವಾಗಿ: ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ಮಗು ಅಡ್ಡ ಬಂದರೆ, ರಕ್ತ ನಿಲ್ಲದಿದ್ದರೆ ಸೂಲಗಿತ್ತಿಯ ಕೈಯಲ್ಲಿ ಉಪಾಯವಿರಲಿಲ್ಲ. ಹಾಗೆ ಜೀವ ಬಿಟ್ಟ ತಾಯಂದಿರನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಅನ್ಯಾಯ.

ನೋವು ಬರಿಸುವ ಔಷಧ ಆಕ್ಸಿಟೋಸಿನ್ ಅನ್ನು ರಸಾಯನಶಾಸ್ತ್ರಜ್ಞ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಅಮೆರಿಕದ ವೈದ್ಯ ಇಮ್ಯಾನುಯೆಲ್ ಫ್ರೀಡ್‌ಮನ್ 500 ಚೊಚ್ಚಲ ಹೆರಿಗೆಗಳನ್ನು ಅಳೆದು ನಕ್ಷೆ ಬರೆದರು. ಗರ್ಭಕಂಠ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕೆಂಬ ಲೆಕ್ಕ ಅಲ್ಲಿಂದ ಬೆಳೆದು ಹೆರಿಗೆ ಕೋಣೆಗಳನ್ನು ಆಳಿತು. ತಡವಾದವಳಿಗೆ ಡ್ರಿಪ್ ಏರಿತು.

ಹಳ್ಳಿಗೆ ಈ ಔಷಧ ಬಂದದ್ದು ನೋವಿನ ಇಂಜೆಕ್ಷನ್ನಾಗಿ. ಸಂಶೋಧಕಿ ಗೀತಾ ಸೇನ್ ಮತ್ತು ಸಂಗಡಿಗರು ಕೊಪ್ಪಳದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಅಡ್ಡಾದಿಡ್ಡಿ ಬಳಕೆಯನ್ನು ದಾಖಲಿಸಿತು. ಅಳತೆ ಮೀರಿದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ಆಮ್ಲಜನಕ ತಪ್ಪುತ್ತದೆ, ಗರ್ಭಕೋಶವೇ ಹರಿಯಬಹುದು. ಹೈನುಗಾರಿಕೆಯಲ್ಲಿ ಹಾಲಿಳಿಸಲು ಆಗುವ ದುರ್ಬಳಕೆ ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ಇದರ ತಯಾರಿಕೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಂಪನಿಗಷ್ಟೇ ಬಿಟ್ಟುಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಅದು ಸರಿಯಾದ ತೀರ್ಪು, ಏಕೆಂದರೆ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವುದೂ ಇದೇ ಔಷಧ. ನೋವು ಬರಿಸಲು ಬಳಸುವ ಇನ್ನೊಂದು ಔಷಧ ಮಿಸೊಪ್ರೊಸ್ಟಾಲ್. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮಗು ಹುಟ್ಟಿದ ಮೇಲೆ ದಾದಿಯರು ಅದರ ಮಾತ್ರೆ ಕೊಟ್ಟಾಗ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದದ್ದು 2006ರ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಯಾವಾಗ, ಯಾರಿಗೆ, ಎಷ್ಟು ಕೊಡಬೇಕೆಂಬ ವಿವೇಚನೆ ತಪ್ಪಿದಲ್ಲೇ ಕೇಡು.

2005ರ ಜನನಿ ಸುರಕ್ಷಾ ಯೋಜನೆ, 2008ರ 108 ಆಂಬ್ಯುಲೆನ್ಸ್, ಆಶಾ ಕಾರ್ಯಕರ್ತೆಯರು ಹೆರಿಗೆಯನ್ನು ಆಸ್ಪತ್ರೆಗೆ ತಂದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆ ಶೇ. 97. ಹಿಂದಿನ ಸಮೀಕ್ಷೆಯಲ್ಲಿ ಶೇ. 23.6 ಇದ್ದ ಸಿಸೇರಿಯನ್ ಆಗ 31.5ಕ್ಕೆ ಏರಿತ್ತು.

ತೊಡಕಿಲ್ಲದ ಬಸುರಿಗೆ 41 ವಾರಕ್ಕೆ ಮುಂಚೆ ನೋವು ಬರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತ್ತು. ಗಂಟೆಗೊಂದು ಸೆಂಟಿಮೀಟರ್ ಎಲ್ಲರಿಗೂ ಸಲ್ಲದು, ಓಡಾಡಲು ಬಿಡಿ, ನೆಚ್ಚಿನವರೊಬ್ಬರು ಜೊತೆಗಿರಲಿ ಎಂದು 2018ರಲ್ಲಿ ಸೇರಿಸಿತು. ಸೂಲಗಿತ್ತಿಯರು ಮಾಡುತ್ತಿದ್ದುದೂ ಇದನ್ನೇ. ಅದೇ ವರ್ಷದ ಅಮೆರಿಕದ ಅರೈವ್ ಪ್ರಯೋಗದಲ್ಲಿ ಮಾತ್ರ 39ನೇ ವಾರದಲ್ಲಿ ನೋವು ಬರಿಸಿದ ಚೊಚ್ಚಲ ಬಸುರಿಯರಿಗೆ ಸಿಸೇರಿಯನ್ ಕಡಿಮೆಯಾಯಿತು: ಶೇ. 22.2ರ ಬದಲು 18.6. ಆದರೆ ಅಲ್ಲಿನಂತೆ ಮಗ್ಗುಲಲ್ಲೇ ಕಾವಲಿಲ್ಲದ ತಾಲೂಕು ಆಸ್ಪತ್ರೆಗೆ ಈ ಪಾಠ ಹಾಗೆಯೇ ಒಗ್ಗದು. ಅತಿಯಾಗಿ ಕಾಯುವುದೂ ತಪ್ಪು. ಸ್ವೀಡನ್ನಿನ 2019ರ ಪ್ರಯೋಗದಲ್ಲಿ 42 ವಾರದವರೆಗೆ ಕಾದ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು, 41ಕ್ಕೇ ನೋವು ಬರಿಸಿದ ಗುಂಪಿನಲ್ಲಿ ಒಂದೂ ಇಲ್ಲ.

ಹಾಗಾಗಿ ವಾರದ ಲೆಕ್ಕ ಸರಿಯಿರಲೇಬೇಕು. ಕೊನೆಯ ಮುಟ್ಟಿನ ದಿನ ನೆನಪಿಲ್ಲದವಳಿಗೆ ಮೊದಲ ತಿಂಗಳುಗಳಲ್ಲೇ ಸ್ಕ್ಯಾನ್ ಆಗಬೇಕು. ಒಂಬತ್ತನೇ ತಿಂಗಳಲ್ಲಿ ಮಾಡಿದರೆ ಲೆಕ್ಕ ವಾರಗಟ್ಟಲೆ ತಪ್ಪೀತು. ನೋವು ಬರಲೆಂದು ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ಸುಸ್ತಾದಾಳು. ನಡೆದಾಡುವುದು ಒಳ್ಳೆಯದು, 39 ವಾರ ದಾಟಿದ ಮೇಲೆ, ಅವಳೊಪ್ಪಿದರೆ, ವೈದ್ಯರು ಗರ್ಭಚೀಲದ ಅಂಚನ್ನು ಬೆರಳಿನಿಂದ ಬಿಡಿಸುವುದೂ ನೋವು ತಾನಾಗಿ ಬರಲು ನೆರವಾಗುತ್ತದೆ. ಬಿಪಿ ಏರಿದರೆ, ನೀರು ಒಡೆದರೆ, ಮಗುವಿನ ಮಿಸುಕಾಟ ತಗ್ಗಿದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಆಸ್ಪತ್ರೆ ಹತ್ತಿರವಿರುವ ದಾಂಡೇಲಿ ಪೇಟೆಯವಳು ಮನೆಯಲ್ಲೇ ನೋವಿಗೆ ಕಾಯಬಹುದು. ಜೋಯಿಡಾದ ದೂರದ ಹಳ್ಳಿ ಡಿಗ್ಗಿಯವಳಿಗೆ ಮಳೆಗಾಲದಲ್ಲಿ ಅದು ಅಪಾಯ. ಆಸ್ಪತ್ರೆಯ ಹತ್ತಿರ ತಂಗಲು ಜಾಗ ಸಿಕ್ಕರೆ ಅವಳೂ ಇಂಜೆಕ್ಷನ್ನಿಲ್ಲದೆ ಹೆರಬಲ್ಲಳು. ನರ್ಸ್‌ಗಳಿಗೆ ಹದಿನೆಂಟು ತಿಂಗಳ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿಯನ್ನು ಕೇಂದ್ರ 2018ರಲ್ಲಿ ಹೊರಡಿಸಿದೆ. ಹಾಗೆ ತಯಾರಾದವರು ಮೊದಲು ಬರಬೇಕಾದದ್ದು ಇಂಥ ತಾಲೂಕುಗಳಿಗೆ.