ಕರೆಂಟ್ ಹೋಗಿದ್ದೇ ಒಳ್ಳೇದಾಯ್ತು

ಊರಲ್ಲಿದ್ದಾಗ ಕರೆಂಟ್ ಹೋದರೆ ನಾವೆಲ್ಲ ಲೈನ್‌ಮನ್‌ಗೆ ಬೈದವರೇ. ಆದರೆ 2017ರಲ್ಲಿ ಘಾನಾ ದೇಶದಲ್ಲಿ ಹೋದ ಕರೆಂಟ್ ಒಂದು ದೊಡ್ಡ ಹಡಗು ಕಂಪನಿಯ ಮಾನ ಉಳಿಸಿತು. ಇವತ್ತು ಆ ಕಥೆ.

2017ರ ಜೂನ್ 27, ಮಂಗಳವಾರ. ಮರುದಿನ ಉಕ್ರೇನ್‌ನಲ್ಲಿ ಸಂವಿಧಾನ ದಿನದ ರಜೆ. ನಮ್ಮಲ್ಲಿ ಅಂಗಡಿಯವರು ಟ್ಯಾಲಿ ಬಳಸುವ ಹಾಗೆ ಅಲ್ಲಿನ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದವು. ಹ್ಯಾಕರ್‌ಗಳು ಅದರ ಅಪ್‌ಡೇಟ್ ಸರ್ವರ್‌ಗೇ ನುಗ್ಗಿ, ಅಲ್ಲಿಂದ ವೈರಸ್ ಹರಡಿದರು. ಅದರ ಹೆಸರು ನಾಟ್‌ಪೆಟ್ಯಾ.

ಪರದೆಯ ಮೇಲೆ 300 ಡಾಲರ್ ಬಿಟ್‌ಕಾಯಿನ್ ಕೊಡಿ ಎಂಬ ಸಂದೇಶ ಬರುತ್ತಿತ್ತು. ಆದರೆ ದುಡ್ಡು ಕೊಟ್ಟರೂ ಫೈಲ್‌ಗಳು ವಾಪಸ್ ಬರುವ ದಾರಿಯೇ ಇರಲಿಲ್ಲ. ಇದು ಸುಲಿಗೆಯ ವೇಷ ಹಾಕಿದ ನಾಶ. ಹರಡಲು ಅದು ಬಳಸಿದ ಒಂದು ಅಸ್ತ್ರ ಅಮೆರಿಕದ ಎನ್‌ಎಸ್‌ಎಯಿಂದ ಸೋರಿಹೋಗಿದ್ದ ಎಟರ್ನಲ್‌ಬ್ಲೂ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅದಕ್ಕೆ ಪ್ಯಾಚ್ ಕೊಟ್ಟಿತ್ತು. ಆದರೆ ವೈರಸ್ ಪಾಸ್‌ವರ್ಡ್‌ಗಳನ್ನೂ ಕದಿಯುತ್ತಿತ್ತು. ಹಾಗಾಗಿ ಪ್ಯಾಚ್ ಹಾಕದ ಒಂದು ಕಂಪ್ಯೂಟರ್ ಸಿಕ್ಕಿದರೂ ಸಾಕು, ಪ್ಯಾಚ್ ಹಾಕಿದವೂ ಬೀಳುತ್ತಿದ್ದವು.

ಡೆನ್ಮಾರ್ಕ್‌ನ ಮೇರ್ಸ್ಕ್ ಕಂಪನಿಗೆ ಉಕ್ರೇನ್‌ನಲ್ಲೂ ಕಚೇರಿ ಇತ್ತು. ವೈರಸ್‌ಗೆ ಅಷ್ಟೇ ಸಾಕಾಯಿತು. ಲಾಸ್ ಏಂಜಲೀಸ್, ರಾಟರ್‌ಡ್ಯಾಮ್ ಮಾತ್ರವಲ್ಲ, ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನಲ್ಲೂ ಮೇರ್ಸ್ಕ್ ನಡೆಸುವ ಟರ್ಮಿನಲ್‌ನ ಕೆಲಸ ನಿಂತಿತು. ಯಾವ ಕಂಟೇನರ್ ಎಲ್ಲಿಗೆ ಹೋಗಬೇಕು ಅಂತ ಹೇಳುವವರೇ ಇಲ್ಲ!

ನೆಟ್‌ವರ್ಕ್‌ನಲ್ಲಿ ಯಾರಿಗೆ ಎಲ್ಲಿ ಪ್ರವೇಶ ಎಂದು ತಿಳಿಸುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ. ಮೇರ್ಸ್ಕ್ ಬಳಿ ಅಂಥವು ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದು ಇದೆಯಲ್ಲ ಎಂಬ ಧೈರ್ಯ. ಎಲ್ಲವೂ ಒಟ್ಟಿಗೆ ಹೋಗಬಹುದು ಎಂದು ಯಾರೂ ಎಣಿಸಿರಲಿಲ್ಲ. ಉಳಿದಿದ್ದು ಘಾನಾದ್ದು ಒಂದೇ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಇಂಟರ್ನೆಟ್‌ನಲ್ಲಿ ಕಳಿಸೋಣ ಅಂದರೆ ವೇಗ ಸಾಲದು. ಹೊತ್ತು ತರೋಣ ಅಂದರೆ ಅಲ್ಲಿನ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. (ವೀಸಾ ಕಷ್ಟ ನಮಗೆ ಗೊತ್ತಿಲ್ಲದ್ದೇ?) ಕೊನೆಗೆ ಒಬ್ಬರು ನೈಜೀರಿಯಾಕ್ಕೆ ಹಾರಿ, ಅಲ್ಲಿ ಇನ್ನೊಬ್ಬರ ಕೈಗೆ ಹಾರ್ಡ್‌ಡ್ರೈವ್ ಕೊಟ್ಟರು. ಅದು ಅಲ್ಲಿಂದ ಲಂಡನ್ ತಲುಪಿತು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿದರು.

ಇನ್ನು ಲೆಕ್ಕ. ಮೇರ್ಸ್ಕ್ ಹೇಳಿದ ನಷ್ಟ 25ರಿಂದ 30 ಕೋಟಿ ಡಾಲರ್. ಔಷಧ ಕಂಪನಿ ಮರ್ಕ್ ವಿಮೆಗಾಗಿ ಕೋರ್ಟಿನಲ್ಲಿ ಕೇಳಿದ್ದು 140 ಕೋಟಿ. ಜಗತ್ತಿನ ಒಟ್ಟು ನಷ್ಟ 1,000 ಕೋಟಿ ಡಾಲರ್ ಮೀರಿತು ಎಂಬುದು ಅಮೆರಿಕ ಸರ್ಕಾರದ ಅಂದಾಜು. ಡೇಟಾ ಜೊತೆ ದಿನವಿಡೀ ಒದ್ದಾಡುವವನಾಗಿ ಹೇಳ್ತೀನಿ, ಇಂಥ ಒಟ್ಟು ಮೊತ್ತವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಷೇರುದಾರರಿಗೆ ಉತ್ತರ ಕೊಡಬೇಕಾದ ದೊಡ್ಡ ಕಂಪನಿ ತನ್ನ ನಷ್ಟ ಹೇಳುತ್ತದೆ. ಬಂದರಿನ ಗೇಟಿನಲ್ಲಿ ಕಾದ ಲಾರಿಯವನ ದಿನಗೂಲಿ ಯಾವ ವರದಿಯಲ್ಲೂ ಬರುವುದಿಲ್ಲ.

2018ರಲ್ಲಿ ಅಮೆರಿಕ, ಬ್ರಿಟನ್ ಇದು ರಷ್ಯಾ ಸೇನೆಯ ಕೆಲಸ ಎಂದವು. ರಷ್ಯಾ ಒಪ್ಪಲಿಲ್ಲ. ವಿಮೆ ಕಂಪನಿಗಳು ಮಾತ್ರ ಈ ಮಾತನ್ನು ಹಿಡಿದುಕೊಂಡವು: ಹಾಗಾದರೆ ಇದು ಯುದ್ಧ, ಯುದ್ಧಕ್ಕೆ ನಾವು ದುಡ್ಡು ಕೊಡಲ್ಲ! ಮರ್ಕ್ ಹಲವು ವರ್ಷ ಹೋರಾಡಬೇಕಾಯಿತು. ಲೆಕ್ಕದ ಸಾಫ್ಟ್‌ವೇರ್ ಕೊಡುವ, ಸೇನೆಗೆ ಸಂಬಂಧವಿಲ್ಲದ ಕಂಪನಿಯ ಮೇಲಿನ ದಾಳಿ ಯುದ್ಧವಲ್ಲ ಎಂದು 2023ರಲ್ಲಿ ನ್ಯೂಜೆರ್ಸಿಯ ಮೇಲ್ಮನವಿ ಕೋರ್ಟ್ ಅದರ ಪರ ತೀರ್ಪು ಕೊಟ್ಟಿತು.

ಈ ನಡುವೆ ವಿಮೆ ಮಾರುಕಟ್ಟೆಯಲ್ಲಿ ಷರತ್ತುಗಳ ಮಾತೇ ಬದಲಾಗತೊಡಗಿತು. ಸರ್ಕಾರಗಳ ಬೆಂಬಲದ ದೊಡ್ಡ ಸೈಬರ್ ದಾಳಿಗೆ ಪರಿಹಾರ ಇಲ್ಲ ಎಂದು ಈಗ ಪಾಲಿಸಿಯಲ್ಲೇ ಬರೆಯುತ್ತಿದ್ದಾರೆ. ಮುಂದಿನ ಸಲ ಬಿಲ್ ಯಾರ ಮನೆಗೆ ಬರುತ್ತೆ? ನಿಮ್ಮ ಆಫೀಸಿನ ಪಾಲಿಸಿಯ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ.